ಸೀಟು ಬಿಟ್ಟರೆ ಫೀಸು ವಾಪಸ್ ಬರುತ್ತದೆ, ಆದರೆ ಅರ್ಜಿಗೆ ಆವಕ ನಂಬರ್ ಬೇಕು

ಪ್ರಶ್ನೆ: ನಮಸ್ಕಾರ ಸರ್. ನಾವು ಅಂಕೋಲಾ ಕಡೆಯವರು. ಯಜಮಾನರು ಬೋಟಿಗೆ ಹೋಗುತ್ತಾರೆ. ಮಗಳಿಗೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ ಸೀಟು ಹಿಡಿದು ಜುಲೈ 2ಕ್ಕೆ 1,10,000 ರೂಪಾಯಿ ಕಟ್ಟಿದೆವು. ಆಗ ಬೋಟು ದಡದಲ್ಲಿತ್ತು, ಸೊಸೈಟಿಯಲ್ಲಿ ಬಂಗಾರ ಇಟ್ಟು ತಂದ ದುಡ್ಡು. ಈಗ ಸಿಇಟಿಯಲ್ಲಿ ಶಿರಸಿಯ ಫಾರೆಸ್ಟ್ರಿ ಕಾಲೇಜಿನಲ್ಲಿ ಸೀಟು ಬಂದಿದೆ, ಅವಳಿಗೂ ಅದೇ ಇಷ್ಟ. ಬೆಂಗಳೂರಿಗೆ ಫೋನ್ ಮಾಡಿದರೆ "ಕ್ಲಾಸ್ ಶುರುವಾಗಿದೆ, ಕಟ್ಟಿದ ಫೀಸು ವಾಪಸ್ ಇಲ್ಲ, ರಸೀದಿ ಮೇಲೇ ಬರೆದಿದೆ ನೋಡಿ" ಅನ್ನುತ್ತಾರೆ. ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಅವರ ಹತ್ತಿರವೇ ಇದೆ. ಅದು ಬೇಕಾದರೆ ಉಳಿದ ಎರಡು ವರ್ಷದ ಫೀಸೂ ಕಟ್ಟಬೇಕಂತೆ. ನಾಲ್ಕು ಸಲ ಫೋನ್ ಮಾಡಿ ಸಾಕಾಯಿತು. ಏನು ಮಾಡುವುದು?

ಉತ್ತರ:

ತಂಗೀ, ನಿಮ್ಮ ಪತ್ರ ಚೌತಿಯ ಹಿಂದಿನ ದಿನ ಬಂತು. ಇವತ್ತು 2024ರ ಸೆಪ್ಟೆಂಬರ್ 8, ಭಾನುವಾರ. ನಾಳೆಯೇ ಮಾಡಬೇಕಾದ ಕೆಲಸ ಇರುವುದರಿಂದ ಹಬ್ಬದ ಗಡಿಬಿಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಮೊದಲು ಗಟ್ಟಿ ಮಾತು ಹೇಳಿಬಿಡುತ್ತೇನೆ. ನಿಮ್ಮ ದುಡ್ಡು ಪೂರ್ತಿ ವಾಪಸ್ ಬರಬೇಕು. 1,10,000ಕ್ಕೆ 1,10,000. ಮಗಳ ಮಾರ್ಕ್ಸ್ ಕಾರ್ಡ್, ಟಿಸಿ ಇಟ್ಟುಕೊಳ್ಳಲು ಅವರಿಗೆ ಹಕ್ಕೇ ಇಲ್ಲ. ಉಳಿದ ಎರಡು ವರ್ಷದ ಫೀಸು ಕೇಳುವುದಕ್ಕೂ ಇಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಬರೆದಿಟ್ಟ ನಿಯಮ. ಆದರೆ ನಾಲ್ಕು ಸಲ ಫೋನ್ ಮಾಡಿದ್ದೀರಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಲವೂ ಬರೆದು ಕೊಟ್ಟಿಲ್ಲ ಅಲ್ವಾ? ಬರೆದು ಕೊಡುವವರೆಗೆ ಅವರ ದಫ್ತರದಲ್ಲಿ ನಿಮ್ಮ ಮಗಳು ಇನ್ನೂ ಅವರ ವಿದ್ಯಾರ್ಥಿನಿಯೇ.

ನಾನು ಕಾಲೇಜು ಆಫೀಸಿನಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿದವನು. ಫೀಸು ಕೌಂಟರಿನ ಒಳಗೆ ಕೂತಿದ್ದವನು. ನಿವೃತ್ತಿಗೆ ಸ್ವಲ್ಪ ಮೊದಲಿನ ಒಂದು ಘಟನೆ ಹೇಳುತ್ತೇನೆ. ಸಿದ್ದಾಪುರ ಕಡೆಯ ಒಬ್ಬರು, ಸಣ್ಣ ಅಡಿಕೆ ತೋಟದವರು, ಮಗನನ್ನು ನಮ್ಮಲ್ಲಿಂದ ಬಿಡಿಸಿ ಬೇರೆ ಕಡೆ ಹಾಕಬೇಕು ಅಂತ ಬಂದರು. ನಮ್ಮ ಮೇಲಿನವರು "ಆಮೇಲೆ ಬನ್ನಿ, ಪ್ರಿನ್ಸಿಪಾಲರು ಇಲ್ಲ" ಅಂದರು. ಅವರು ಹೋದರು. ಮುಂದಿನ ವಾರ ಮತ್ತೆ ಬಂದರು, ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಬಸ್ಸಿಳಿದು ಬಂದಿದ್ದರು. ಆಗಲೂ ಮಾತೇ. ಮೂರನೇ ಸಲವೂ ಮಾತೇ. ನಾಲ್ಕನೇ ಸಲ ಅರ್ಜಿ ಬರೆದು ತಂದರು. ಅಷ್ಟು ಹೊತ್ತಿಗೆ ಕೊನೆಯ ದಿನಾಂಕ ದಾಟಿ ಒಂದು ತಿಂಗಳ ಮೇಲೆ ನಾಲ್ಕು ದಿನ ಆಗಿತ್ತು. ನಿಯಮದ ಪ್ರಕಾರ ಸೊನ್ನೆ. ಅವರು ಮೂರು ಸಲ ಬಂದದ್ದು ನಾನು ಕಣ್ಣಾರೆ ಕಂಡಿದ್ದೆ, ಆದರೆ ಫೈಲಿಗೆ ಹಾಕಲು ಒಂದು ಚೀಟಿಯೂ ಇರಲಿಲ್ಲ. ಮೊದಲ ದಿನವೇ "ಯಜಮಾನ್ರೇ, ಎರಡು ಸಾಲು ಬರೆದು ಕೊಟ್ಟು ಹೋಗಿ" ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಆ ನೋವು ಇನ್ನೂ ಇದೆ. ಅದಕ್ಕೇ ಯಾರು ಕೇಳಿದರೂ ಮೊದಲು ಕಾಗದದ ಮಾತೇ ಹೇಳುತ್ತೇನೆ.

ಈಗ ನಿಯಮಕ್ಕೆ ಬರೋಣ. ಎರಡು ಕಾಗದ ಇವೆ, ಎರಡನ್ನೂ ತಿಳಿದುಕೊಳ್ಳಿ, ಯಾಕೆಂದರೆ ಕಾಲೇಜಿನವರು ತಮಗೆ ಬೇಕಾದ ಒಂದನ್ನು ಮಾತ್ರ ತೋರಿಸುತ್ತಾರೆ.

ಮೊದಲನೆಯದು ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆ. ಫೀಸು ವಾಪಸ್ ಮತ್ತು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅನ್ನುವುದೇ ಅದರ ವಿಷಯ. ಅದರಲ್ಲಿ ಎಲ್ಲ ಲೆಕ್ಕವೂ "ಅಡ್ಮಿಷನ್‌ಗೆ ಪ್ರಕಟಿಸಿದ ಕೊನೆಯ ದಿನಾಂಕ"ದ ಮೇಲೆ ನಿಂತಿದೆ. ಆ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ 100%. ಆ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ 90%. ಕೊನೆಯ ದಿನ ದಾಟಿ 15 ದಿನದವರೆಗೆ 80%. ಅಲ್ಲಿಂದ 30ನೇ ದಿನದವರೆಗೆ 50%. ಆಮೇಲೆ ಏನೂ ಇಲ್ಲ. 100% ಕೊಡುವಾಗ ಮಾತ್ರ ಕಟ್ಟಿದ ಫೀಸಿನ 5% ಮೀರದಂತೆ, ಅದೂ ಹೆಚ್ಚೆಂದರೆ 5,000 ರೂಪಾಯಿ, ಆಫೀಸು ಖರ್ಚು ಅಂತ ಹಿಡಿಯಬಹುದು.

ಎರಡನೆಯದು ಜೂನ್ 2024ರ ಸುತ್ತೋಲೆ, ಈ 2024-25ನೇ ಸಾಲಿಗೇ ಅಂತ ಹೊರಡಿಸಿದ್ದು. ಪ್ರವೇಶ ಪರೀಕ್ಷೆ, ಕೌನ್ಸೆಲಿಂಗ್ ಎಲ್ಲ ತಡವಾಗಿ ಮಕ್ಕಳು ಒಂದು ಕಡೆ ಫೀಸು ಕಟ್ಟಿ ಇನ್ನೊಂದು ಕಡೆ ಸೀಟು ಸಿಕ್ಕಾಗ ಒದ್ದಾಡಬಾರದು ಅಂತ ಯುಜಿಸಿ ಕೆಲವು ವರ್ಷಗಳಿಂದ ಹೀಗೆ ವರ್ಷ ವರ್ಷ ಬೇರೆ ದಿನಾಂಕ ಕೊಡುತ್ತಿದೆ. 2022-23ರಲ್ಲಿ ಅಕ್ಟೋಬರ್ 31ರವರೆಗೆ ಪೂರ್ತಿ ವಾಪಸ್ ಇತ್ತು. ಈ ಸಲ ಸೆಪ್ಟೆಂಬರ್ 30ರವರೆಗೆ ಸೀಟು ಬಿಟ್ಟವರಿಗೆ ಪೂರ್ತಿ ಫೀಸು, ಏನೂ ಕಡಿತ ಇಲ್ಲ. ಅಕ್ಟೋಬರ್ 31ರವರೆಗೆ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿಯಬಹುದು. ನಿಮ್ಮದು ಇದರಡಿಯೇ ಬರುತ್ತದೆ. ಇವತ್ತಿಗೆ ಇನ್ನೂ 22 ದಿನ ಇದೆ.

"ಕ್ಲಾಸ್ ಶುರುವಾಗಿದೆ" ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸುತ್ತೋಲೆಯಲ್ಲಿ ಇರುವುದು ತಾರೀಖು, ಹಾಜರಿ ಅಲ್ಲ. ಒಂದು ವಾರ ಕ್ಲಾಸಿಗೆ ಕೂತಿದ್ದರೂ ಅಷ್ಟೇ. ರಸೀದಿಯ ಮೇಲೆ "ಕಟ್ಟಿದ ಶುಲ್ಕ ಹಿಂದಿರುಗಿಸಲಾಗದು" ಅಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದರೂ ಅಷ್ಟೇ. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಯುಜಿಸಿ ನಿಯಮ ರದ್ದಾಗುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಅವುಗಳ ಕಾಲೇಜು, ಯಾರೂ ಇದರಿಂದ ಹೊರಗಿಲ್ಲ.

ನೀವು ಕಳಿಸಿದ ರಸೀದಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಬೋಧನಾ ಶುಲ್ಕ 85,000. ಅಭಿವೃದ್ಧಿ, ಲ್ಯಾಬ್, ಲೈಬ್ರರಿ ಸೇರಿ 15,000. ಕಡೆಯ ಸಾಲಿನಲ್ಲಿ ಕಾಷನ್ ಡಿಪಾಸಿಟ್ 10,000. ಈ ಕಡೆಯ ಸಾಲಿನ ಮೇಲೆ ಬೆರಳಿಡಿ. ಡಿಪಾಸಿಟ್ ಅನ್ನುವುದು ಫೀಸೇ ಅಲ್ಲ, ಅದು ನಿಮ್ಮ ದುಡ್ಡು ಅವರ ಹತ್ತಿರ ಇಟ್ಟದ್ದು. ಯಾವ ತಾರೀಖಿಗೆ ಬಿಟ್ಟರೂ, ಎಷ್ಟೇ ತಡವಾದರೂ ಅದು ಪೂರ್ತಿ ಬರಬೇಕು. ಎಷ್ಟೋ ಮಂದಿ ಇದನ್ನು ಮರೆತೇ ಬಿಡುತ್ತಾರೆ, ಕಾಲೇಜಿನವರೂ ನೆನಪು ಮಾಡುವುದಿಲ್ಲ. ಇನ್ನೊಂದು ಮಾತು, "ಬೋಧನಾ ಶುಲ್ಕ ಮಾತ್ರ ಕೊಡುತ್ತೇವೆ, ಲ್ಯಾಬ್ ಲೈಬ್ರರಿ ದುಡ್ಡು ಇಲ್ಲ" ಅಂತಲೂ ಹೇಳುತ್ತಾರೆ. 2018ರ ಲೆಕ್ಕ ಒಟ್ಟು ಫೀಸಿನ ಮೇಲೆ, ಬೋಧನಾ ಶುಲ್ಕವೂ ಬೇರೆ ಶುಲ್ಕವೂ ಸೇರಿ. ಅಂದರೆ ನಿಮ್ಮದು 85,000ದ ಮೇಲಲ್ಲ, 1,00,000ದ ಮೇಲೆ.

ಒಂದು ವೇಳೆ ಈ ವರ್ಷದ ಸುತ್ತೋಲೆ ಇಲ್ಲದೇ ಬರೀ 2018ರ ಲೆಕ್ಕ ಇದ್ದಿದ್ದರೆ ಏನಾಗುತ್ತಿತ್ತು ನೋಡಿ. ಕೊನೆಯ ದಿನಾಂಕ ಆಗಸ್ಟ್ 31 ಅಂತಿಟ್ಟುಕೊಳ್ಳಿ. ಆಗಸ್ಟ್ 10ಕ್ಕೆ ಅರ್ಜಿ ಕೊಟ್ಟವರಿಗೆ 5,000 ಕಳೆದು 95,000, ಡಿಪಾಸಿಟ್ ಸೇರಿ 1,05,000. ಆಗಸ್ಟ್ 20ಕ್ಕೆ ಕೊಟ್ಟವರಿಗೆ 1,00,000. ಸೆಪ್ಟೆಂಬರ್ 15ರ ಸಂಜೆಯೊಳಗೆ ಕೊಟ್ಟವರಿಗೆ 90,000. ಮಾರನೇ ದಿನ, 16ಕ್ಕೆ, ಅದೇ ಅರ್ಜಿ ಕೊಟ್ಟರೆ 60,000. ಒಂದೇ ರಾತ್ರಿಯಲ್ಲಿ ಮೂವತ್ತು ಸಾವಿರ ಹೋಯಿತು. ಅಕ್ಟೋಬರ್ 1ಕ್ಕೆ ಹೋದವರಿಗೆ ಡಿಪಾಸಿಟ್ಟಿನ 10,000 ಬಿಟ್ಟು ಮತ್ತೇನೂ ಇಲ್ಲ. ಸಿದ್ದಾಪುರದವರಿಗೆ ಆದದ್ದು ಇದೇ. ಮುಂದಿನ ವರ್ಷ ಮಕ್ಕಳನ್ನು ಸೇರಿಸುವವರು ಪ್ರಾಸ್ಪೆಕ್ಟಸ್ಸಿನಲ್ಲಿ ಆ ಕೊನೆಯ ದಿನಾಂಕ ಇರುವ ಪುಟದ ಫೋಟೋ ಫೀಸು ಕಟ್ಟಿದ ದಿನವೇ ತೆಗೆದಿಟ್ಟುಕೊಳ್ಳಿ.

ಮೂಲ ದಾಖಲೆ ವಿಷಯ. ಇದು ನಿಮಗೆ ದುಡ್ಡಿಗಿಂತ ಅರ್ಜೆಂಟು, ಯಾಕೆಂದರೆ ಶಿರಸಿಯಲ್ಲಿ ಸೇರುವಾಗ ಮೂಲ ಪ್ರತಿ ಕೇಳುತ್ತಾರೆ. ಅದೇ 2018ರ ಅಧಿಸೂಚನೆ ಹೇಳುವುದು ಇಷ್ಟು: ಅಡ್ಮಿಷನ್ ಹೊತ್ತಿಗೆ ಮೂಲ ಪ್ರತಿ ನೋಡಿ, ತಾಳೆ ಮಾಡಿ, ಆಗಲೇ ವಿದ್ಯಾರ್ಥಿಯ ಕೈಗೆ ವಾಪಸ್ ಕೊಡಬೇಕು. ಆಫೀಸಿನಲ್ಲಿ ಇರಬೇಕಾದ್ದು ವಿದ್ಯಾರ್ಥಿ ಸಹಿ ಹಾಕಿದ ಜೆರಾಕ್ಸ್. "ಎನ್‌ಕ್ವೈರಿಗೆ ಬೇಕು", "ಯುನಿವರ್ಸಿಟಿಗೆ ಕಳಿಸಿದ್ದೇವೆ", ಇದೆಲ್ಲ ಸುಮ್ನೆ ಹೇಳುವ ಮಾತು. ದಾಖಲೆ ಹಿಡಿದಿಟ್ಟು ಫೀಸು ಕೇಳುವುದನ್ನು 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳಲ್ಲಿ ದೂರು ಕೊಡಬಹುದಾದ ವಿಷಯ ಅಂತ ಬಿಡಿಸಿಯೇ ಬರೆದಿದ್ದಾರೆ.

ಮುಂದಿನ ಎರಡು ವರ್ಷದ ಫೀಸು? ನಮ್ಮ ರಾಜ್ಯದ್ದೇ ಕೇಸಿನಲ್ಲಿ, ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ಸರ್ಕಾರದ ನಡುವೆ 2003ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀಸಿಗಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತಿಲ್ಲ ಅಂತ. ಅದೇ ತೀರ್ಪಿನಲ್ಲಿ, ಮಧ್ಯದಲ್ಲಿ ಬಿಟ್ಟು ಹೋಗಬಹುದು ಅನ್ನಿಸಿದ ವಿದ್ಯಾರ್ಥಿಯಿಂದ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಅಂತಲೂ ಇದೆ, ಕೆಲವು ಕಾಲೇಜುಗಳು ಆ ಸಾಲನ್ನೇ ಹಿಡಿದುಕೊಂಡು ಮಾತಾಡುತ್ತವೆ. ಸ್ಟಾಂಪ್ ಪೇಪರಿನ ಮೇಲೆ ಯಾವುದಾದರೂ ಬಾಂಡಿಗೆ ಸಹಿ ಹಾಕಿದ್ದೀರಾ, ಮನೆಯಲ್ಲಿ ಕೇಳಿ ನೋಡಿ. ಹಾಕಿದ್ದರೆ ಅದರ ಪ್ರತಿ ವಕೀಲರಿಗೆ ತೋರಿಸಿ. ಹಾಕಿಲ್ಲದಿದ್ದರೆ ಆ ಮಾತಿಗೆ ಉತ್ತರವನ್ನೇ ಕೊಡಬೇಡಿ.

ಇನ್ನು ನಾಳೆ ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲು ಶಿರಸಿಯ ಸೀಟು ಗಟ್ಟಿ ಮಾಡಿಕೊಳ್ಳಿ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ತಾಣದಲ್ಲಿ ಚಾಯ್ಸ್ 1, ಅಂದರೆ ಈ ಸೀಟು ಒಪ್ಪಿಗೆ ಅಂತ, ಕೊಟ್ಟು, ಫೀಸು ಕಟ್ಟಿ, ಅಡ್ಮಿಷನ್ ಆರ್ಡರ್ ಇಳಿಸಿಕೊಂಡ ಮೇಲೆ ಬೆಂಗಳೂರಿನದು ಬಿಡಿ. ಕೈಲಿದ್ದದ್ದನ್ನು ಮೊದಲೇ ಬಿಡಬೇಡಿ. ಆದರೆ ಅದಾದ ದಿನವೇ ಅರ್ಜಿ ಹೋಗಲಿ, ಸೆಪ್ಟೆಂಬರ್ 30 ಇದೆಯಲ್ಲ ಅಂತ ಕೂರಬೇಡಿ. ಅರ್ಜಿ ಮಗಳ ಹೆಸರಲ್ಲೇ ಇರಬೇಕು, ಸಹಿ ಅವಳದ್ದೇ. ಇಂಗ್ಲಿಷೇ ಆಗಬೇಕು ಅಂತೇನಿಲ್ಲ. ಇಷ್ಟು ಬರೆದರೆ ಸಾಕು:

"ಇವರಿಗೆ, ರಿಜಿಸ್ಟ್ರಾರ್. ನಾನು ನಿಮ್ಮಲ್ಲಿ 2024-25ನೇ ಸಾಲಿಗೆ ಬಿ.ಎಸ್ಸಿ ಮೊದಲ ವರ್ಷಕ್ಕೆ ಸೇರಿದ್ದೆ. ಅಡ್ಮಿಷನ್ ನಂಬರ್ ಇಂಥದ್ದು. ಜುಲೈ 2ಕ್ಕೆ ಇಂಥ ನಂಬರಿನ ರಸೀದಿಯಲ್ಲಿ 1,10,000 ರೂಪಾಯಿ ಕಟ್ಟಿದ್ದೇನೆ. ಇಂದಿನಿಂದ ನನ್ನ ಅಡ್ಮಿಷನ್ ರದ್ದು ಮಾಡಿಕೊಳ್ಳುತ್ತಿದ್ದೇನೆ. ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆ ಮತ್ತು ಜೂನ್ 2024ರ ಸುತ್ತೋಲೆಯಂತೆ ಪೂರ್ತಿ ಫೀಸು ಹಾಗೂ ಡಿಪಾಸಿಟ್ಟನ್ನು 15 ದಿನದೊಳಗೆ ಕೆಳಗಿನ ಖಾತೆಗೆ ಹಾಕಬೇಕು. ನನ್ನ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ ಮೂಲ ಪ್ರತಿಗಳನ್ನು ಇಂದೇ ವಾಪಸ್ ಕೊಡಬೇಕು."

ಕೆಳಗೆ ತಾರೀಖು, ಸಹಿ, ಬ್ಯಾಂಕ್ ಖಾತೆ ನಂಬರ್, ಐಎಫ್‌ಎಸ್‌ಸಿ. ಸೀಟು ಬಿಡುವ ಕಾರಣ ಉದ್ದ ಬರೆಯಬೇಡಿ. ಯಜಮಾನರ ಕಷ್ಟ, ಬಂಗಾರ ಇಟ್ಟದ್ದು, ಅದೆಲ್ಲ ಅಲ್ಲಿ ಬೇಡ. ನೀವು ಬೇಡುತ್ತಿಲ್ಲ, ನಿಮ್ಮ ದುಡ್ಡು ಕೇಳುತ್ತಿದ್ದೀರಿ.

ಅರ್ಜಿಯನ್ನು ಮೊದಲು ಇಮೇಲಿನಲ್ಲಿ ಕಳಿಸಿ, ಮಗಳ ಫೋನಿನಿಂದಲೇ ಆಗುತ್ತದೆ. ಸಹಿ ಹಾಕಿದ ಕಾಗದದ ಫೋಟೋ, ರಸೀದಿಯ ಫೋಟೋ ಸೇರಿಸಿ. ರಿಜಿಸ್ಟ್ರಾರ್, ಅಡ್ಮಿಷನ್ ವಿಭಾಗ, ಫೈನಾನ್ಸ್ ವಿಭಾಗ, ಮೂರಕ್ಕೂ ಹೋಗಲಿ. ಅದೇ ದಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ. ಆ ರಸೀದಿ ಜೋಪಾನ. ಆಮೇಲೆ ಮೂಲ ದಾಖಲೆ ತರಲು ಬೆಂಗಳೂರಿಗೆ ಹೋಗಬೇಕಾಗುತ್ತದಲ್ಲ, ಆಗ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿ ಇನ್‌ವರ್ಡ್ ನಂಬರ್ ಅನ್ನಿ, ಗೊತ್ತಾಗುತ್ತದೆ. ಒಂದು ದಪ್ಪ ರಿಜಿಸ್ಟರ್ ಇರುತ್ತದೆ, ಬಂದ ಕಾಗದವೆಲ್ಲ ಅದರಲ್ಲಿ ಸಾಲಾಗಿ ಏರುತ್ತದೆ. ಆ ನಂಬರ್ ಬಿತ್ತು ಅಂದರೆ ನಿಮ್ಮ ಕಾಗದ ಬಂದೇ ಇಲ್ಲ ಅಂತ ಯಾರೂ ಹೇಳಲಾಗದು, ನಡುವೆ ಕಿತ್ತು ಹಾಕಲೂ ಆಗದು. ಗುಮಾಸ್ತರು ಹಾಕಿಕೊಡಲ್ಲ ಅಂದರೆ ಜಗಳ ಬೇಡ, ಇಮೇಲ್ ಮತ್ತು ಅಂಚೆಯ ರಸೀದಿ ನಿಮ್ಮ ಕೈಲಿದೆ.

ಅಲ್ಲಿ ಒಂದು ಕಡೆ ಹುಷಾರಾಗಿರಿ. ದಾಖಲೆ ಕೊಡುವಾಗ ಒಂದು ಅಚ್ಚು ಹಾಕಿದ ಫಾರಂ ಮುಂದಿಟ್ಟು ಸಹಿ ಹಾಕಿ ಅನ್ನುತ್ತಾರೆ. ಓದದೆ ಹಾಕಬೇಡಿ. "ಫೀಸಿನ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ" ಅಂತ ಒಂದು ಸಾಲು ಅದರೊಳಗೆ ಇರಬಹುದು. ಇದ್ದರೆ ಆ ಸಾಲನ್ನು ಗೀಟು ಹಾಕಿ ಹೊಡೆದು, ಪಕ್ಕದಲ್ಲಿ "ಮೂಲ ದಾಖಲೆ ಮಾತ್ರ ಪಡೆದಿದ್ದೇನೆ, ಫೀಸು ಬರಬೇಕಿದೆ" ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ.

ಅರ್ಜಿ ಸಿಕ್ಕ 15 ದಿನದಲ್ಲಿ ದುಡ್ಡು ಬರಬೇಕು. ಸೊಸೈಟಿಯ ಬಡ್ಡಿ ದಿನಾ ಓಡುತ್ತಿರುವಾಗ ಈ 15 ದಿನ ಅನ್ನುವುದು ಸಣ್ಣ ವಿಷಯ ಅಲ್ಲ, ಅದನ್ನು ಎಣಿಸಿ. ಹದಿನಾರನೇ ದಿನ ಎರಡು ದೂರು ಹೋಗಲಿ. ಒಂದು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ. ಏಪ್ರಿಲ್ 2023ರ ಯುಜಿಸಿ ನಿಯಮದಂತೆ ಅಂಥ ಸಮಿತಿ ಇರಲೇಬೇಕು, ದೂರು ಸಿಕ್ಕ 15 ಕೆಲಸದ ದಿನದಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಿಸಿದವರಿಗೆ, ಮೇಲ್ಮನವಿ. ಇನ್ನೊಂದು ದೂರು ಯುಜಿಸಿಯ ಇ-ಸಮಾಧಾನ್ ತಾಣದಲ್ಲಿ. ಖರ್ಚಿಲ್ಲ, ಮನೆಯಿಂದಲೇ ಹಾಕಬಹುದು. ನಾನು ಕಂಡ ಮಟ್ಟಿಗೆ ಹೆಚ್ಚಿನ ಕಾಲೇಜುಗಳು ಅಲ್ಲಿಂದ ಒಂದು ಪತ್ರ ಬಂದ ಕೂಡಲೇ ದಾರಿಗೆ ಬರುತ್ತವೆ. ನಿಯಮ ಮುರಿದರೆ ಅನುದಾನ ತಡೆಯುವುದರಿಂದ ಹಿಡಿದು ಮಾನ್ಯತೆಗೆ ಸಂಬಂಧಿಸಿದ ಕ್ರಮದವರೆಗೆ ಯುಜಿಸಿ ಕೈಲಿದೆ, ಅದು ಅವರಿಗೂ ಗೊತ್ತು.

ಗ್ರಾಹಕರ ಕೋರ್ಟಿಗೆ ಹೋಗಿ ಅಂತ ಯಾರಾದರೂ ಹೇಳಿರಬಹುದು. ವಿಶ್ವವಿದ್ಯಾಲಯದ ಮೇಲೆ ಆ ದಾರಿ ನಾನು ಮೊದಲಿಗೆ ಹೇಳುವುದಿಲ್ಲ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟಿನ 2010ರ ತೀರ್ಪು ಇದೆ, ಬೇರೆ ಥರದ ತೀರ್ಪುಗಳೂ ಇವೆ, ಪ್ರಶ್ನೆ ಇನ್ನೂ ಸುಪ್ರೀಂ ಕೋರ್ಟಿನ ಮುಂದಿದೆ. ನೀಟ್, ಜೆಇಇ ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಿ ಬಿಟ್ಟವರ ಮಾತು ಬೇರೆ. ಅವರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು, ತಾವಿರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಕಾಯ್ದೆಯಲ್ಲಿ ಅವಕಾಶ ಇದೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನಿಮಗೆ ಕಾನೂನಿನ ಸಹಾಯ ಬೇಕೇ ಆದರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಅರ್ಜಿ ನಿಮ್ಮ ಮಗಳದ್ದೇ ಆದ್ದರಿಂದ ಅವಳೇ ಹೋಗಿ ಕೇಳಬಹುದು. ಹೈಕೋರ್ಟು ಅಂದರೆ ನಮಗೆ ಧಾರವಾಡ ಪೀಠ, ಅಲ್ಲಿಯವರೆಗೆ ಹೋಗುವ ಪ್ರಸಂಗ ನಿಮಗೆ ಬರಲಿಕ್ಕಿಲ್ಲ.

ಇಂಜಿನಿಯರಿಂಗ್ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಿರುವುದರಿಂದ ಒಂದು ಮಾತು. ಅಲ್ಲಿ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ ನೋಡಬೇಕು. ಕೋರ್ಸ್ ಶುರುವಾಗುವ ಮೊದಲೇ ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ಶುರುವಾದ ಮೇಲೆ ಬಿಟ್ಟರೆ, ಆ ಸೀಟಿಗೆ ಕೊನೆಯ ದಿನದೊಳಗೆ ಇನ್ನೊಬ್ಬರು ಸೇರಿದರೆ, ಓದಿದ ತಿಂಗಳ ಲೆಕ್ಕ ಹಿಡಿದು ಉಳಿದದ್ದು ಕೊಡಬೇಕು. ಸೀಟು ಖಾಲಿಯೇ ಉಳಿದರೆ ಡಿಪಾಸಿಟ್ ಮತ್ತು ದಾಖಲೆ ಮಾತ್ರ. ಕೆಇಎಗೆ ಕಟ್ಟಿದ ದುಡ್ಡಿನ ಲೆಕ್ಕ ಕೆಇಎಯಲ್ಲೇ ಆಗಬೇಕು, ಕಾಲೇಜಿನ ಕೌಂಟರಿನಲ್ಲಿ ನಿಂತು ಕೇಳಿದರೆ ಬರದು.

ಶಿಕ್ಷಣ ಸಾಲದಲ್ಲಿ ಕಟ್ಟಿದವರಾದರೆ ವಾಪಸ್ ಬರುವ ದುಡ್ಡು ಸಾಲದ ಖಾತೆಗೆ ಹೋಗಬೇಕು, ಅರ್ಜಿಯಲ್ಲಿ ಆ ಖಾತೆ ನಂಬರನ್ನೇ ಕೊಡಿ, ಬ್ಯಾಂಕಿಗೂ ಒಂದು ಪ್ರತಿ ಕೊಡಿ. ಏಜೆಂಟರ ಕೈಗೆ ರಸೀದಿ ಇಲ್ಲದೆ ಕೊಟ್ಟ ದುಡ್ಡು ಮಾತ್ರ ಈ ಯಾವ ನಿಯಮದಲ್ಲೂ ಸಿಗುವುದಿಲ್ಲ. ನೀವು ಹಾಗೆ ಕೊಟ್ಟಿಲ್ಲ, ಅದೊಂದು ಸಮಾಧಾನ.

ಅರ್ಜಿ ಬರೆದ ಮೇಲೆ ಕಳಿಸುವ ಮೊದಲು ಫೋಟೋ ತೆಗೆದು ನನಗೊಂದು ಹಾಕಿ. ಖಾತೆ ನಂಬರಿನ ಅಂಕೆ ತಪ್ಪಿದೆಯಾ, ರಸೀದಿ ನಂಬರ್ ಸರಿ ಇದೆಯಾ, ತಾರೀಖು ಹಾಕಿದ್ದೀರಾ ಅಂತ ಒಂದು ಸಲ ನೋಡಿಕೊಡುತ್ತೇನೆ. ನೀವು ಕಳಿಸಿದ ರಸೀದಿಯ ಎಡಗಡೆ ಮೂಲೆ ಮಡಚಿಕೊಂಡಿದೆ, ನಂಬರಿನ ಕಡೆಯ ಎರಡು ಅಂಕೆ ಕಾಣುತ್ತಿಲ್ಲ. ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ.